ಎಡಗಡೆಯ ಮ್ಯಾಟು

ಪುಣೆ ಕ್ಯಾಂಪಿನಲ್ಲಿ ನನ್ನದು ಕಾರಿನ ಸೀಟು, ಮ್ಯಾಟು ರಿಪೇರಿ ಮಾಡುವ ಸಣ್ಣ ಅಂಗಡಿ. ಎಲ್ಲಿ ಸವೆದಿದೆ ಅಂತ ನೋಡಿದರೆ ಸಾಕು, ಯಾಕೆ ಸವೆದಿದೆ ಅಂತ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದವರು ವಿಜಯಪುರ ಕಡೆಯ ಒಬ್ಬ ಕಾಕಾ.

ಅವರ ಹಳೇ ಅಂಬಾಸಿಡರ್‌ನ ರಬ್ಬರ್ ಮ್ಯಾಟುಗಳು ಕಾರು ಕೊಂಡಾಗಿನವೇ. ಡ್ರೈವರ್ ಕಾಲಿಡುವ ಬಲಗಡೆಯದು ಗಟ್ಟಿಮುಟ್ಟಾಗಿತ್ತು. ಎಡಗಡೆಯದರಲ್ಲಿ ಮಾತ್ರ ಅಂಗೈಯಗಲದ ತೂತು. ಅಲ್ಲಿ ಪೆಡಲೇ ಇಲ್ಲ.

"ಕಾಕಾ, ಇದು ಡ್ರೈವಿಂಗ್ ಸ್ಕೂಲಿನ ಗಾಡಿ ಏನ್ರಿ?"

"ಅಲ್ಲಪ್ಪಾ. ಮೊದಲಿಂದ ನಾನೊಬ್ಬನ ಓಡಸ್ತೀನಿ."

"ಎಡಗಡೆ ಭಾರದ ಸಾಮಾನು ಇಡ್ತೀರೇನ್ರಿ?"

"ಏನೂ ಇಡೂದಿಲ್ಲ. ನೀ ತ್ಯಾಪಿ ಹಚ್ಚು."

ಕಾರಣ ತಿಳಿಯದೆ ಹಚ್ಚಿದ ತೇಪೆ ಬಹಳ ದಿನ ನಿಲ್ಲುವುದಿಲ್ಲ. ಮ್ಯಾಟನ್ನು ತಿರುಗಿಸಿ ಮುರುಗಿಸಿ ನೋಡಿದೆ, ಕಾರಿನೊಳಗೆ ಬಗ್ಗಿ ಕೆಳಗಿನ ತಗಡನ್ನೂ ಸವರಿ ನೋಡಿದೆ. ಏನೂ ಹೊಳೆಯದೆ ರಬ್ಬರ್ ತುಂಡು ಅಂಟಿಸಿಟ್ಟೆ.

ಮರುದಿನ ಕಾಕಾನ ಜೊತೆ ಅವರ ಹೆಂಡತಿ ಕಾಕುನೂ ಬಂದರು. ನಾನೇ ಮ್ಯಾಟು ಹಾಸಿದೆ, ಕಾಕು ಎಡಗಡೆ ಕೂತರು. ಕಾಕಾ ಗಾಡಿ ಹೊರಡಿಸಿದ್ದೇ ತಡ, ಎದುರಿಗೆ ಒಂದು ಆಟೊ ನುಗ್ಗಿತು. ಕಿಟಕಿಯ ಹತ್ತಿರವೇ ನಿಂತಿದ್ದ ನನಗೆ ಸ್ಪಷ್ಟವಾಗಿ ಕಂಡಿತು. ಕಾಕು ಬಲಗಾಲನ್ನು ನನ್ನ ತೇಪೆಯ ಮೇಲಿಟ್ಟು ಬಲವಾಗಿ ಒತ್ತಿದರು. ಗಾಡಿ ನಿಂತಿತು.

"ಕಾಕು, ಅಲ್ಲಿ ಬ್ರೇಕ್ ಇಲ್ಲರಿ," ಅಂದೆ.

"ನಲವತ್ತು ವರ್ಷದಾಗ ಒಮ್ಮೆನೂ ಎಲ್ಲೂ ಗುದ್ದಿಲ್ಲ," ಅಂದರು ಕಾಕು. "ಗಟ್ಟಿ ಹಚ್ಚೀಯಿಲ್ಲೋ, ತಮ್ಮಾ?"

ಕಾಕಾ ರಸ್ತೆ ನೋಡುತ್ತಿದ್ದರು. ನಾನು ಮ್ಯಾಟು ಹೊರತೆಗೆದು ಇನ್ನೊಂದು ಪದರ ಹಚ್ಚಿದೆ.

ಎಡಗಡೆಯದು ಯಾಕೆ ಸವೆಯಿತು ಅಂತ ತಿಳಿಯಿತು. ಬಲಗಡೆಯದು ಯಾಕೆ ಸವೆದಿಲ್ಲ ಎನ್ನುವುದು ಮಾತ್ರ ಇನ್ನೂ ತಿಳಿದಿಲ್ಲ.