ಅಜ್ಜಿ ತಿನ್ನದ ಬರ್ಫು

“ತಡಿ, ಲಿಂಗಪೂಜಿ ಆಗ್ಲಿ” ಎಂದು ಅಜ್ಜಿ ಬರ್ಫಿನ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೊರಟಾಗ ನನಗೆ ಅಳುವೇ ಬಂತು. ನಲವತ್ತರ ದಶಕದ ಹಳಿಯಾಳ. ಹುಬ್ಬಳ್ಳಿಯಿಂದ ಕಟ್ಟಿಗೆ ಹೊಟ್ಟಿನಲ್ಲಿ ಮುಚ್ಚಿ ತಂದ ಬರ್ಫಿನ ಗಡ್ಡೆಯನ್ನು ಪೇಟೆಯ ಸಾಹೇಬರೊಬ್ಬರು ತಮ್ಮ ಅಂಗಡಿಯಲ್ಲಿ ಹೆರೆದು, ಕೆಂಪು ಶರಬತ್ತು ಸುರಿದು ಮಾರುತ್ತಿದ್ದರು. ಅದನ್ನು ಕಂಡೇ ಇರದ ಅಜ್ಜಿಗಾಗಿ ಸುಡುಬಿಸಿಲಲ್ಲಿ ಓಡಿ ಬಂದಿದ್ದೆ.

“ಕರಗತೈತಿ ಅಜ್ಜೀ, ಈಗ ತಿನ್ನ!” ಎಂದು ಎಷ್ಟು ಕೂಗಿದರೂ ಲಿಂಗಕ್ಕೆ ತೋರಿಸದೆ ಬಾಯಿಗಿಡಲು ಅವಳು ಒಪ್ಪಲಿಲ್ಲ. ಸ್ನಾನ, ವಿಭೂತಿ, ಪೂಜೆ ಎಲ್ಲ ನಿಧಾನವಾಗಿ ಮುಗಿದ ಮೇಲೆ ಬಟ್ಟಲಲ್ಲಿ ಉಳಿದಿದ್ದ ಕೆಂಪು ನೀರನ್ನು ಗುಟುಕರಿಸಿದಳು.

“ಇಷ್ಟಕ್ಕ ಓಡಿ ಬಂದ್ಯೇನವಾ? ನೀರು ಮನ್ಯಾಗ ಇತ್ತಲ್ಲ!”

ಆ ಅಂಗಡಿ ಈಗಿಲ್ಲ. ಅಜ್ಜಿಯ ಆ ಮಾತು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಸಾಯುವವರೆಗೂ ಅಜ್ಜಿ, ಆ ಸಾಹೇಬರು ಊರಿಗೆಲ್ಲ ಬಣ್ಣದ ನೀರು ಮಾರಿದರೆಂದೇ ಹೇಳುತ್ತಿದ್ದಳು.