ಗೌರಕ್ಕನ ಸುಣ್ಣದ ಬೊಟ್ಟು

ಗೌರಕ್ಕ ಜನರನ್ನು ಗುರುತಿಸುತ್ತಿದ್ದುದು ಮುಖ ನೋಡಿ ಅಲ್ಲ, ಕಾಲು ನೋಡಿ. ಮಡಕಶಿರ ಸೀಮೆಯ ರೊಳ್ಳದ ಹತ್ತಿರ ಆಕೆಯದು ಎರಡೆಕರೆ ಕಡಲೆಕಾಯಿ ಹೊಲ, ಔಷಧಿ ಹೊಡೆಯದ ಹೊಲ. ಅದರಲ್ಲಿ ಬಗ್ಗಿ ನಡೆದೂ ನಡೆದೂ ಕಣ್ಣು ನೆಲಕ್ಕೇ ಅಂಟಿಹೋಗಿತ್ತು. ಅಲ್ಲಿನ ಶಾಲೆಗೆ ಮೇಷ್ಟ್ರಾಗಿ ಬಂದ ಹೊಸದರಲ್ಲಿ, ಒಂದು ಭಾನುವಾರ ನಾನು ಆ ಹೊಲದಲ್ಲಿ ಅಡ್ಡ ಹಾಯುತ್ತಿದ್ದೆ.

"ಕಾಲಿಕ್ಕಬ್ಯಾಡಿ!"

ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು. ಹಾವೆಂದುಕೊಂಡೆ. ನೋಡಿದರೆ ಚಪ್ಪಲಿಯ ಕೆಳಗೆ, ಹುಲ್ಲಿನ ನಡುವೆ, ಗೌಜಲಹಕ್ಕಿಯ ಏಳು ಮೊಟ್ಟೆ. ಪಕ್ಕದಲ್ಲೊಂದು ಕಲ್ಲು, ಅದರ ಮೇಲೆ ಸುಣ್ಣದ ಬೊಟ್ಟು.

"ಕಣ್ಣು ಎಲ್ಲಿ ಮಡಗಿದ್ರಿ ಮೇಷ್ಟ್ರೆ? ಬೊಟ್ಟು ಇಕ್ಕಿರೋದು ಮತ್ಯಾಕೆ?" ನನ್ನ ಪ್ಯಾಂಟಿನ ಅಂಚು ನೋಡಿಯೇ ಮೇಷ್ಟ್ರೆಂದು ತಿಳಿದಿದ್ದಳು.

ಎಲೆಅಡಿಕೆಯ ಸುಣ್ಣದ ಡಬ್ಬಿ ಆಕೆಯ ಸೊಂಟದಲ್ಲೇ ಇರುತ್ತಿತ್ತು. ಗೂಡು ಕಂಡ ಕಡೆ ಕಲ್ಲೊಂದನ್ನು ತಂದಿಟ್ಟು, ಬೆರಳಲ್ಲಿ ಬೊಟ್ಟಿಡುವಳು. ಕಳೆ ಕೀಳುವ ಹೆಂಗಸರು ಅಲ್ಲಿ ಬಳಸಿಕೊಂಡು ಹೋಗಬೇಕು. ಅವರು ನಕ್ಕರೆ, "ಬಾಣ್ತನದಾಗೆ ನಿಮ್ಮನ್ನ ಯಾರಾನ ತುಳುದ್ರೇನ್ರೇ?" ಎಂದು ಬಾಯಿ ಮುಚ್ಚಿಸುವಳು.

ಅಲ್ಲಿಂದ ಮೂರು ವರ್ಷ ನನ್ನ ಭಾನುವಾರಗಳೆಲ್ಲ ಆ ಹೊಲದಲ್ಲೇ ಕಳೆದವು. ಮೊಲದ ಹಿಕ್ಕೆ, ಉಡದ ಬಿಲ, ಮುಂಗುಸಿ ಓಡಾಡಿದ ಜಾಡು, ಎಲ್ಲವನ್ನೂ ಆಕೆ ತೋರಿಸುವಳು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವೆ. ಬರೆದುಕೊಂಡು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮಡಕಶಿರದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಗುರುತು ಪರಿಚಯ ಇಲ್ಲದವರ ಮುಂದೆ, ಸುಣ್ಣದ ಬೊಟ್ಟಿನ ಉಪಾಯವನ್ನು ಹೊಗಳಿದ್ದೇ ಹೊಗಳಿದ್ದು. ಇಬ್ಬರು ಬಲು ಆಸಕ್ತಿಯಿಂದ ಕೇಳಿದರು. ಹೊಲ ಎಲ್ಲಿ ಬರುತ್ತದೆ ಎಂದೂ ಕೇಳಿದರು. ಹೇಳಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಹೋದಾಗ ಗೌರಕ್ಕ ಹೊಲದ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಆ ಸಲ ಬೊಟ್ಟಿಟ್ಟಿದ್ದ ಒಂಬತ್ತು ಕಲ್ಲೂ ಇದ್ದ ಜಾಗದಲ್ಲೇ ಇದ್ದವು, ಬೊಟ್ಟೂ ಅಳಿಸಿರಲಿಲ್ಲ. ಒಂದರ ಪಕ್ಕದಲ್ಲೂ ಮೊಟ್ಟೆ ಇರಲಿಲ್ಲ. ನೈಲಾನ್ ದಾರದ ಕುಣಿಕೆಯೊಂದು ಬಿದ್ದಿತ್ತು, ಅದರಲ್ಲಿ ನಾಲ್ಕು ಗರಿ. ಕಾವಿಗೆ ಕೂತ ತಾಯಂದಿರನ್ನೂ ಬಿಟ್ಟಿರಲಿಲ್ಲ.

"ಸೀದಾ ಬೊಟ್ಟಿನ ತಾವ್ಕೇ ಬಂದವ್ರೆ ಮೇಷ್ಟ್ರೆ. ಎರಡು ಜೊತೆ ಬೂಟು. ನಮ್ಮೂರ ಕಾಲಲ್ಲ. ಇವ್ರಿಗೆ ಯಾರು ಹೇಳಿರ್ತಾರೆ?"

"ನಾನೇ," ಎಂದೆ.

ಗೌರಕ್ಕ ತಲೆಯೆತ್ತಿದಳು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸೆರಗು ಕೊಡವಿಕೊಂಡು ಎದ್ದುಹೋದಳು.

ಒಂದು ತಿಂಗಳು ನಾಚಿಕೆಯಿಂದ ಆ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ರಾಯದುರ್ಗಕ್ಕೆ ವರ್ಗವಾಯಿತು. ಹೇಳದೆ ಹೋಗಲು ಮನಸ್ಸು ಬಾರದೆ ಒಂದು ಸಂಜೆ ಹೋಗಿ ಬದುವಿನ ಮೇಲೆ ನಿಂತೆ. ಗೌರಕ್ಕ ಹೊಲದಲ್ಲೇ ಇದ್ದಳು. ಹೊಲದ ತುಂಬ ಬಿಳಿ ಬೊಟ್ಟು. ಇದ್ದಬದ್ದ ಕಲ್ಲಿಗೆಲ್ಲ, ಮುಷ್ಟಿಗಾತ್ರದವಕ್ಕೂ ಸುಣ್ಣ ಹಚ್ಚಿದ್ದಳು.

"ಇದ್ರಲ್ಲಿ ಗೂಡಿರೋದು ಯಾವುದರ ಹತ್ರ ಗೌರಕ್ಕ?" ಬಾಯಿ ತಪ್ಪಿ ಕೇಳಿಬಿಟ್ಟೆ.

"ಈಗ ನಂಗೂ ಗೊತ್ತಿಲ್ಲ." ನನ್ನ ಕಾಲನ್ನೇ ನೋಡುತ್ತಿದ್ದಳು. "ನೋಡ್ಕಂಡು ಬರಂಗಿದ್ರೆ ಬನ್ನಿ ಮೇಷ್ಟ್ರೆ. ಇಲ್ಲಾಂದ್ರೆ ಅಲ್ಲೇ ನಿಂತ್ಕಳಿ."

ಆ ಚಳಿಗಾಲದಲ್ಲೇ ಗೌರಕ್ಕ ತೀರಿಕೊಂಡ ಸುದ್ದಿ ಬಂತು. ಆ ಸಂಜೆ ಆಕೆ ಬನ್ನಿ ಎಂದೇ ಕರೆದಿದ್ದಳು. ನಾನು ಬದು ಇಳಿಯಲಿಲ್ಲ.