ಬೆಕ್ಕಿನ ಬಾಲದ ತುಣುಕು

ದೆವ್ವ, ಶಕುನ, ಸೂಚನೆ ಇಂಥವುಗಳಲ್ಲಿ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ನೀವು ನನ್ನನ್ನು ತಾಯಿತ ಕಟ್ಟಿಸಿಕೊಳ್ಳುವ ಗಿರಾಕಿ ಎಂದುಕೊಳ್ಳಬಾರದು. ಇಪ್ಪತ್ತೇಳು ವರ್ಷ ನಾನು ಮುಂಬೈ ಹತ್ತಿರದ ಭಿವಂಡಿಯ ಒಂದು ಗೋಡೌನಿನಲ್ಲಿ ಬಂದ ಮಾಲು, ಹೋದ ಮಾಲು ಎಣಿಸುವ ಕೆಲಸ ಮಾಡಿದವನು. ಅಲ್ಲಿಯ ಹಮಾಲರು ನಮ್ಮ ಕಲಬುರಗಿ, ರಾಯಚೂರು ಕಡೆಯವರೇ. ಖಾಲಿ ಮಾಳಿಗೆಯಲ್ಲಿ ಯಾರೋ ನಡೆದಾಡಿದ ಸಪ್ಪಳವಾಯಿತು ಎಂದು ಅವರು ಬಂದು ಹೇಳಿದರೆ, "ಎಷ್ಟು ಹೆಜ್ಜಿ ಎಣಿಸಿದಿ?" ಎಂದು ಕೇಳುತ್ತಿದ್ದೆ. ಎಣಿಕೆಗೆ ಸಿಗದ್ದು ಇಲ್ಲವೇ ಇಲ್ಲ ಎಂಬುದು ನನ್ನ ಸಿದ್ಧಾಂತವಾಗಿತ್ತು.

ನನ್ನ ಹೆಂಡತಿ ಕಸ್ತೂರಿಗೆ ಚಿತ್ರದ ತುಣುಕು ಜೋಡಿಸುವ ಪಜಲ್‌ಗಳ ಹುಚ್ಚು. ಮೊದಲ ಪಜಲ್ ತಂದದ್ದು ಮಗಳು ಸೀಮಾಳಿಗಾಗಿ. ಮಗಳು ಎರಡು ದಿನಕ್ಕೆ ಬಿಟ್ಟಳು, ತಾಯಿ ಹಿಡಿದುಕೊಂಡಳು. ಹೊಸದು ಕೊಳ್ಳುವುದು ನಮ್ಮಂಥವರಿಂದ ಆಗುವ ಮಾತಲ್ಲ. ಆದರೆ ಠಾಣೆಯ ದೊಡ್ಡ ಟವರುಗಳಲ್ಲಿ ಮಕ್ಕಳು ಒಮ್ಮೆ ಜೋಡಿಸಿ ಬೇಸತ್ತ ಪಜಲ್‌ಗಳು ಹಳೆಯ ಪೇಪರಿನ ಜೊತೆ ರದ್ದಿ ಅಂಗಡಿಗೆ ಬರುತ್ತವೆ. ಕಲ್ಯಾಣದಲ್ಲಿ ನಮ್ಮ ಮನೆ ಹತ್ತಿರದ ರದ್ದಿಯವನು ಅವನ್ನು ಪೇಪರಿನ ತೂಕಕ್ಕೇ ಕೊಡುತ್ತಿದ್ದ. ಕಸ್ತೂರಿ ತರಕಾರಿಗೆಂದು ಹೋದವಳು ಮೆಂತ್ಯದ ಸೂಡಿನ ಜೊತೆ ಒಂದು ಹರಕು ಬಾಕ್ಸ್ ಹಿಡಿದುಕೊಂಡು ಬರುತ್ತಿದ್ದಳು.

ಹಳೆಯದಾದ್ದರಿಂದ ಒಂದೆರಡು ತುಣುಕು ಕಡಿಮೆ ಇರುವುದು ಖಂಡಿತ. ಅದಕ್ಕೆ ಅವಳದೇ ಒಂದು ಉಪಾಯವಿತ್ತು. ಉಳಿದ ಚಿತ್ರವನ್ನೆಲ್ಲ ಜೋಡಿಸಿ, ಖಾಲಿ ಬಿದ್ದ ಜಾಗಕ್ಕೆ ಕಣಕದ ಹಿಟ್ಟು ಒತ್ತಿ, ಸ್ವಲ್ಪ ಒಣಗಿದ ಮೇಲೆ ಎಬ್ಬಿಸಿ, ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದ ಮೇಲಿಟ್ಟು ಅದರ ಗೆರೆ ಎಳೆದು ಕತ್ತರಿಸುತ್ತಿದ್ದಳು. ಆಮೇಲೆ ಸೀಮಾಳ ಶಾಲೆಯ ಬಣ್ಣದಿಂದ ಚಿತ್ರ ಮುಂದುವರಿಸುತ್ತಿದ್ದಳು. ನಮ್ಮ ಮನೆಯಲ್ಲಿ ಸದಾ ಇರುವುದು ಜೋಳದ ಹಿಟ್ಟು. ಆದರೂ ಇದಕ್ಕೆಂದೇ ಗೋಧಿ ಹಿಟ್ಟು ತರಿಸುತ್ತಿದ್ದಳು. "ಜ್ವಾಳದ್ದು ಬಿರಕ ಬಿಡ್ತದರಿ," ಎನ್ನುತ್ತಿದ್ದಳು, ನಾನು ಕೇಳದಿದ್ದರೂ.

ಈ ಹುಚ್ಚು ಅವಳೊಬ್ಬಳಲ್ಲೇ ನಿಲ್ಲಲಿಲ್ಲ. ಠಾಣೆಯಲ್ಲಿ ಸುಮತಿ ಎಂಬ ಗೆಳತಿ, ಉಡುಪಿ ಕಡೆಯವರು, ಗಂಡ ಹೋಟೆಲಿನಲ್ಲಿ ಮ್ಯಾನೇಜರು. ಡೊಂಬಿವಲಿಯಲ್ಲಿ ಇನ್ನಿಬ್ಬರು. ಬಾಕ್ಸುಗಳು ಲೋಕಲ್ ಟ್ರೇನಿನಲ್ಲಿ ಮಡಿಲಲ್ಲಿ ಕೂತು ಊರೂರು ತಿರುಗುತ್ತಿದ್ದವು. ಕಸ್ತೂರಿ ಒಂದು ನಿಯಮ ಮಾಡಿದ್ದಳು: ಯಾವ ಪಜಲ್ಲೂ ಒಂದೇ ಮನೆಯಲ್ಲಿ ತಿಂಗಳಿಗಿಂತ ಹೆಚ್ಚು ನಿಲ್ಲಬಾರದು. ಜೋಡಿಸಿದವರು ಮುಚ್ಚಳದ ಒಳಗೆ ಹೆಸರು ಬರೆದು, ಚಿತ್ರ ಕೆಡಿಸಿ, ಮುಂದಿನವರಿಗೆ ಕೊಡಬೇಕು. "ಕೂಡಿಸಿದ್ದು ಕೆಡಸಬೇಕು, ಇಲ್ಲಾಂದ್ರ ಮುಂದಿನವರಿಗೆ ಏನ ಉಳೀತದ?" ಎಂಬುದು ಅವಳ ಮಾತು.

ಈ ವ್ಯವಹಾರದಲ್ಲಿ ನನ್ನ ಪಾಲು ತುಣುಕು ಎಣಿಸುವುದು ಮಾತ್ರ. ಬಾಕ್ಸ್ ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ. ಅವಳು ಪ್ರತಿ ಪಜಲ್‌ನಲ್ಲೂ ಕೊನೆಯ ಒಂದು ತುಣುಕು ಉಳಿಸಿ ನನ್ನನ್ನು ಕರೆಯುತ್ತಿದ್ದಳು. "ಬರ್ರೀ, ಕಡೀದು ನಿಮಗಂತ ಇಟ್ಟೀನಿ. ಇದೊಂದರ ಹಾಕ್ರಿ." ನಾನು ಟಿವಿಯ ಮುಂದಿನಿಂದ, "ಆಮ್ಯಾಲ" ಎನ್ನುತ್ತಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಅವಳೇ ಹಾಕಿ ಮುಗಿಸಿರುತ್ತಿದ್ದಳು. ಎಷ್ಟು ಸಲ ಹೀಗಾಯಿತು ಎಂದು ಎಣಿಸಿಟ್ಟಿಲ್ಲ. ಅದೊಂದನ್ನು ನಾನು ಎಣಿಸಲಿಲ್ಲ.

ಆಮೇಲೆ ಅವಳ ಕಿಡ್ನಿಗಳು ಕೈಕೊಟ್ಟವು. ಡಯಾಲಿಸಿಸ್ ಶುರುವಾದ ಮೇಲೆ ಕೂತು ಜೋಡಿಸುವ ಶಕ್ತಿ ಹೋಯಿತು, ಬಂದಿದ್ದ ಬಾಕ್ಸುಗಳೆಲ್ಲ ಸುಮತಿಯವರ ಮನೆಗೆ ಹೋದವು. ಮನೆಯಲ್ಲಿ ಒಂದೂ ಪಜಲ್ ಇರಲಿಲ್ಲ. ಅಂಥದ್ದರಲ್ಲಿ ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದರೆ, ಮಂಚದ ಮೇಲೆ ಒರಗಿ ಕೂತು ಲಗ್ನಪತ್ರಿಕೆಯಿಂದ ಒಂದು ತುಣುಕು ಕತ್ತರಿಸುತ್ತಿದ್ದಳು. ಹಿಟ್ಟಿಲ್ಲ, ಗೆರೆಯಿಲ್ಲ, ಸುಮ್ಮನೆ ಕೈಯಂದಾಜಿನಲ್ಲಿ. ಅದಕ್ಕೆ ಹಳದಿ ಬಳಿದು, ಒಂದು ಮೂಲೆಗೆ ಹಸಿರು ಹಚ್ಚಿ, ನಡುವೆ ಕಪ್ಪಾಗಿ ಒಂದು ಡೊಂಕು ಗೆರೆ ಎಳೆದಳು.

"ಈ ಕರೀ ಹುಳ ಏನು? ಇದು ಯಾವ ಪಜಲ್‌ದು?" ಎಂದು ಕೇಳಿದೆ.

"ಅದಿನ್ನಾ ಬಂದಿಲ್ರಿ. ಬಂದಾಗ ಹಾಕೋಣಂತ."

"ತೂತ ಇಲ್ದ ತ್ಯಾಪಿ ಹಚ್ಚತಿ ನೋಡು," ಎಂದೆ. ಅವಳು ನಕ್ಕು, ತುಣುಕನ್ನು ಚಹಾಪುಡಿಯ ಹಳೆಯ ಡಬ್ಬಿಯಲ್ಲಿ, ಕತ್ತರಿಯ ಜೊತೆ ಹಾಕಿಟ್ಟಳು. ಔಷಧಿಯ ಅಮಲು ಎಂದುಕೊಂಡು ನಾನು ಗಂಜಿಗೆ ಉಪ್ಪು ಬೆರೆಸಿದೆ. ಮೂರು ವಾರದ ನಂತರ ಅವಳು ಹೋದಳು.

ಎರಡು ವರ್ಷ ಕಳೆಯಿತು. ಸಂಜೆ ಮನೆಗೆ ಬಂದು ಬೀಗ ತೆಗೆಯುವುದೇ ಬೇಡ ಅನ್ನಿಸುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ, ಅವಳು ಒಳಗಿನಿಂದ ಇನ್ನೊಂದು ಸಲ "ಬರ್ರೀ" ಎನ್ನಬೇಕು. ಅದು ಆಗುವುದಿಲ್ಲ ಎಂದು ಗೊತ್ತಿದ್ದೂ ಟಿವಿಯ ಸದ್ದು ಸಣ್ಣದು ಮಾಡಿ ಕೂರುತ್ತಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಸುಮತಿಯವರು ಅವಳನ್ನು ಅಕ್ಕ ಎನ್ನುತ್ತಿದ್ದರು, ಹಾಗಾಗಿ ನನ್ನನ್ನು ಭಾವ ಎನ್ನುತ್ತಾರೆ. ಒಂದು ದಿನ ಕಲ್ಯಾಣ ಸ್ಟೇಷನ್ನಿಗೆ ಬರಲು ಹೇಳಿ, ಪ್ಲಾಟ್‌ಫಾರ್ಮಿನಲ್ಲಿ ನನ್ನ ಕೈಗೆ ಒಂದು ಬಾಕ್ಸ್ ಕೊಟ್ಟರು. "ನೀವೇ ಮಾಡಿ ಭಾವ. ಒಬ್ಬರೇ ಕೂತು ಎಂತ ಮಾಡ್ತೀರಿ? ಒಂದು ಪೀಸು ಕಮ್ಮಿ ಉಂಟು, ನಾನು ಹಾಗೇ ಬಿಟ್ಟಿದ್ದೇನೆ." ಮನೆಗೆ ಬಂದು ಎಣಿಸಿದೆ. ಐನೂರಕ್ಕೆ ನಾನೂರ ತೊಂಬತ್ತೊಂಬತ್ತು. ಯಾವುದೋ ಪರದೇಶದ ಓಣಿ, ಹಳದಿ ಗೋಡೆ, ಹಸಿರು ಬಾಗಿಲು, ಹೂಕುಂಡಗಳು. ಬಾಕ್ಸಿನ ಮೇಲಿನ ಚಿತ್ರ ಅರ್ಧಕ್ಕೇ ಹರಿದುಹೋಗಿತ್ತು.

ಹದಿನೈದು ದಿನ ತಡಕಾಡಿದೆ. ಒಂದು ಭಾನುವಾರ ಹಳಿ ರಿಪೇರಿಗೆಂದು ರೈಲ್ವೆಯ ಮೆಗಾಬ್ಲಾಕ್. ಈಗ ಬೇಲಾಪುರದಲ್ಲಿರುವ ಸೀಮಾ ಅವತ್ತು ಬರಬೇಕಿದ್ದವಳು ಟ್ರೇನುಗಳಿಲ್ಲದೆ ಬರಲಿಲ್ಲ, ಅವತ್ತು ಕೂತು ಮುಗಿಸಿಬಿಟ್ಟೆ. ಬಾಗಿಲ ಪಕ್ಕ ಒಂದು ಕಡೆ ತೂತು ಉಳಿಯಿತು. ಅವಳ ಹಾಗೆ ನಾನೂ ತುಣುಕು ಮಾಡೋಣ ಎಂದು ಹಿಟ್ಟು ಕಲಸಿ ಒತ್ತಿದೆ. ಒಣಗುತ್ತಿದ್ದಂತೆ ಅದು ನಡುವೆ ಸೀಳಿತು. ಜೋಳದ ಹಿಟ್ಟು. ಅಷ್ಟು ಸಲ ಹೇಳಿದ್ದಳು, ಒಂದು ಸಲವೂ ಕಿವಿಗೆ ಹಾಕಿಕೊಂಡಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂದು, ಹಿಟ್ಟು ಕೆರೆದು ತೆಗೆದು, ಬರೀ ಕತ್ತರಿಯಿಂದಲೇ ಏನಾದರೂ ಮಾಡೋಣ ಎಂದು ಅವಳ ಡಬ್ಬಿ ತೆಗೆದೆ. ಕತ್ತರಿಯ ಕೆಳಗೆ ಆ ತುಣುಕು ಇತ್ತು.

ಅಳತೆ ಸುಮಾರು ಎಷ್ಟಿರಬೇಕು ಎಂದು ನೋಡಲು ಅದನ್ನು ತೂತಿನ ಮೇಲೆ ಇಟ್ಟೆ, ಅಷ್ಟೇ. ಹೆಬ್ಬೆರಳು ತಾಗಿದ್ದೇ ತಡ, ಅದು ಒಳಗೆ ಕೂತುಬಿಟ್ಟಿತು. ಹಸಿರು ಮೂಲೆ ಬಾಗಿಲಿಗೆ ಸೇರಿತು, ಹಳದಿ ಗೋಡೆಗೆ. ಪಕ್ಕದ ತುಣುಕಿನಲ್ಲಿ ಒಂದು ಕಪ್ಪು ಬೆಕ್ಕು ಕೂತಿತ್ತು. ನಾನು ಹುಳ ಎಂದದ್ದು ಅದರ ಬಾಲ.

ಹೊರಗೆ ಬಿಸಿಲಿತ್ತು, ಕೆಳಗೆ ಯಾರೋ ರಿಕ್ಷಾದವನೊಡನೆ ಜಗಳವಾಡುತ್ತಿದ್ದರು. ಹೆದರಿಕೆಯಾಗಲಿಲ್ಲ. ಕೊನೆಯ ತುಣುಕನ್ನು ನಾನೇ ಹಾಕಿದ್ದೇನೆ ಎಂಬುದು ನಿಧಾನವಾಗಿ ಹೊಳೆಯಿತು. "ಹಾಕೀನಿ ನೋಡು," ಎಂದು ಜೋರಾಗಿಯೇ ಹೇಳಿದೆ. ಆಮೇಲೆ ತುಂಬಾ ಅತ್ತೆ.

ಅಳು ನಿಂತ ಮೇಲೆ ಎಣಿಸುವ ಬುದ್ಧಿ ಮರಳಿತು. ಈ ಪಜಲ್ ಅವಳು ಎಲ್ಲೋ ನೋಡಿರಬೇಕು ಎಂದು ಸುಮತಿಯವರಿಗೆ ಫೋನ್ ಮಾಡಿದೆ. "ಇಲ್ಲ ಮಾರಾಯ್ರೆ, ನಿಮಗೆ ಕೊಡುವ ಹಿಂದಿನ ತಿಂಗಳು ರದ್ದಿಯವನ ಗೋಣಿಯಿಂದ ತೆಗೆದದ್ದು. ಅಕ್ಕ ಎಲ್ಲಿಂದ ನೋಡುವುದು?" ಎಂದರು. ಮುಚ್ಚಳದ ಒಳಗೆ ಅವರದೊಂದೇ ಹೆಸರಿತ್ತು. ಒಂದೇ ಅಚ್ಚಿನಿಂದ ಹಲವು ಚಿತ್ರಗಳನ್ನು ಕತ್ತರಿಸುತ್ತಾರೆ ಎಂದು ಯಾರೋ ಹೇಳಿದರು. ಸರಿ, ಆಕಾರಕ್ಕೆ ಅದು ಉತ್ತರವಾಗಬಹುದು, ಬಣ್ಣಕ್ಕೆ ಏನು ಹೇಳುವುದು? ಬಾಲಕ್ಕೆ? ಸೀಮಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮರಾಠಿಯಲ್ಲಿ. "ಯೋಗಾಯೋಗ ಅಸೇಲ್, ಪಪ್ಪಾ," ಎಂದಳು, ಕಾಕತಾಳೀಯ ಇದ್ದೀತು ಎಂದು. ಆದರೂ ಅದರ ಫೋಟೋ ಕಳಿಸಲು ಹೇಳಿದಳು.

ತಿಂಗಳಾಯಿತು, ಎರಡು ತಿಂಗಳಾಯಿತು, ನಾನು ಚಿತ್ರ ಕೆಡಿಸಲಿಲ್ಲ. ಸುಮತಿಯವರು ಕೇಳಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು. ಉಳಿದದ್ದು ಕೊಟ್ಟು ಅದೊಂದು ತುಣುಕನ್ನು ಇಟ್ಟುಕೊಳ್ಳೋಣ ಎಂದು ಗೋಧಿ ಹಿಟ್ಟು ತಂದು ಬದಲಿ ಮಾಡಿಯೂ ನೋಡಿದೆ. ನನ್ನ ಕೈಯಲ್ಲಿ ಬೆಕ್ಕಿನ ಬಾಲ ಇಲಿಯದರಂತಾಯಿತು. ಅದನ್ನು ಎಸೆದು, ಒಂದು ಬೆಳಿಗ್ಗೆ ಎಲ್ಲ ಕೆಡಿಸಿ, ಅವಳ ತುಣುಕನ್ನೂ ಸೇರಿಸಿ ಎಣಿಸಿದೆ. ಭರ್ತಿ ಐನೂರು. ಮುಚ್ಚಳದ ಒಳಗೆ ಅವಳದೂ ನನ್ನದೂ ಇಬ್ಬರ ಹೆಸರೂ ಬರೆದು ಡೊಂಬಿವಲಿಗೆ ಕಳಿಸಿದೆ. ಅದು ಈಗ ಯಾರ ಮನೆಯಲ್ಲಿದೆಯೋ ತಿಳಿಯದು.

ನಾನು ಈಗಲೂ ಏನನ್ನೂ ನಂಬುವುದಿಲ್ಲ. ಬಾಕ್ಸುಗಳು ಬರುತ್ತವೆ, ಎಣಿಸುತ್ತೇನೆ. ಆಯುಷ್ಯವಿಡೀ ಒಂದು ಕಡಿಮೆ ಬಂದರೆ ಸಿಡಿಮಿಡಿಗೊಂಡವನು ನಾನು, ಈಗ ಒಂದು ಕಡಿಮೆ ಬರಲಿ ಎಂದು ಆಸೆಯಿಂದ ಎಣಿಸುತ್ತೇನೆ. ಬಂದರೆ ಎದ್ದು ಹೋಗಿ ಚಹಾಪುಡಿಯ ಡಬ್ಬಿ ತೆಗೆದು ನೋಡುತ್ತೇನೆ. ಅದರಲ್ಲಿ ಕತ್ತರಿಯೊಂದೇ ಇದೆ ಎಂದು ನನಗೆ ಗೊತ್ತಿದೆ.